ನಡುವಿನ ಒಂದೂವರೆ ಮೀಟರ್

ಗಲೀಸಿಯಾದ ಅಳಿವೆಯಲ್ಲಿ ಇಳಿತದ ಹೊತ್ತು.
ಓಬ್ದುಲಿಯಾ ದೋಣಿಯಲ್ಲೇ ನಿಂತು
ಧಕ್ಕೆಯ ಕಂಬಕ್ಕೆ ಸುತ್ತಿಗೆ ತಾಗಿಸಿ ಕಿವಿಗೊಟ್ಟಳು.
ಠಣ್. ಠಣ್. ಒಂದು ಕಡೆ ಮಾತ್ರ
ಹಣ್ಣಾದ ಹಲಸಿನ ಹಾಗೆ, ದಬ್.

ಸದಾ ಮುಳುಗಿರುವ ಬುಡ ಗಟ್ಟಿಯಿದೆ,
ಮಳೆಯಷ್ಟೇ ಮುಟ್ಟುವ ನೆತ್ತಿಯೂ.
ಕೆಡುವುದು ಈ ನಡುವಿನ ಒಂದೂವರೆ ಮೀಟರ್,
ದಿನಕ್ಕೆರಡು ಸಲ ನೆನೆದು
ಎರಡು ಸಲ ಒಣಗಿ.

ಒಣಗಿದ್ದೇ ತಪ್ಪು ನೋಡಿ.
ಬಾಯಾರಿದ ಕಾಂಕ್ರೀಟು ಮುಂದಿನ ಉಬ್ಬರವನ್ನು
ಗಟಗಟ ಕುಡಿಯುತ್ತದೆ;
ಬಿಸಿಲು ನೀರನ್ನಷ್ಟೇ ವಾಪಸು ಕರೆಯುತ್ತದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತೇವೆ ನಾವು;
ಇಲ್ಲಿ ನೀರು ಕುಡಿದ ತಪ್ಪಿಗೆ ಉಪ್ಪು,
ವರ್ಷಕ್ಕೊಂದು ಅಕ್ಕಿಕಾಳಿನ ದಪ್ಪ ಒಳಕ್ಕೆ,
ಕಬ್ಬಿಣ ಸಿಗುವ ತನಕ.

ಕೊರೆದು ತೆಗೆದ ತುಂಡನ್ನು ಸೀಳಿ
ಬೆಳ್ಳಿಯ ದ್ರಾವಣ ಚಿಮುಕಿಸಿದಳು.
ಉಪ್ಪು ಹೊಕ್ಕಷ್ಟೂ ಬೆಳ್ಳಗಾಯಿತು:
ಐವತ್ತೆರಡು ಮಿಲಿಮೀಟರ್.
ಸರಳು ಇರುವುದು ಐವತ್ತರಲ್ಲಿ.

"ಇನ್ನೆಷ್ಟು ವರ್ಷ?" ಎಂದ ಫೂಕೊ,
ಮೂವತ್ತು ವರ್ಷ ಇದೇ ಧಕ್ಕೆಗೆ ಚಿಪ್ಪು ಇಳಿಸಿದವನು,
ಬೂಟಿನಂಚಿಗೆ ಬಿರಿದ ಚರ್ಮಕ್ಕೆ ಮುಲಾಮು ಸವರುತ್ತ.

ಅವಳು ತುಂಡನ್ನು ಬಟ್ಟೆಯಲ್ಲಿ ಸುತ್ತಿದಳು,
ಎಳೆಕೂಸನ್ನು ಸುತ್ತಿದ ಹಾಗೆ, ಮೆಲ್ಲಗೆ.
"ನೀರು ಏರುತ್ತಿದೆ, ಹುಟ್ಟು ತೆಗೆ."