ಮೊದಲು ಗೋಣಿ ಹೊದಿಸು

ಆಲಿಕಲ್ಲು ಬಿದ್ದ ಎಂಟನೇ ದಿನಕ್ಕೆ
ಹಿರಿಯೂರಿನ ಕಡೆಯಿಂದ ಎರಡು ಲಾರಿ ಬಂದವು
ದಾವಣಗೆರೆಗೆ, ಮಂಡಕ್ಕಿ ಭಟ್ಟಿಗಳ ಹಿಂದಿನ ನಮ್ಮ ಗುಜರಿಗೆ.
ನಾನು ಇಲ್ಲಿ ತೂಕದ ಚೀಟಿ ಬರೆಯುವವಳು.
ಕಬ್ಬಿಣ, ಅಲ್ಮಿನಿ, ತಾಮ್ರ, ರದ್ದಿ, ಪ್ಲಾಸ್ಟಿಕ್ಕು, ಸೀಸೆ:
ಆರು ಕಾಲಂ, ಆರರ ರೇಟೂ ಬಾಯಿಪಾಠ.

ಇಳಿಸಿದ್ದು ನನ್ನ ಪೆನ್ನಿನ ಶಾಯಿಯಂಥ ನೀಲಿ ಹಲಗೆಗಳು,
ಒಂದೊಂದರ ಮೇಲೂ ಜೇಡ ಕೂತು ನೇಯ್ದಂಥ ಬಿರುಕು.
ಚೂರು ಮಾತ್ರ ಒಂದೂ ಉದುರಿರಲಿಲ್ಲ.

ರಾಜಾಬಕ್ಷಿ ಚಾಚಾ ಬಿಚ್ಚುವುದನ್ನೇ ಬದುಕು ಮಾಡಿಕೊಂಡವರು.
ಗಿರಣಿ ಮುಚ್ಚಿದಾಗ ಅದರ ಮಗ್ಗ ಬಿಚ್ಚಿದ ಕೈ,
ಬಸ್ಸು, ಬೋರಿನ ಮೋಟಾರು, ಟೆಂಟ್ ಟಾಕೀಸಿನ ಪ್ರೊಜೆಕ್ಟರು...
"ಕಟ್ಟಿದ್ದೆಲ್ಲ ಬಿಚ್ತೈತೆ ಹಾಲಮ್ಮ,
ಸ್ಕ್ರೂ ಎಲ್ಲೈತೆ ಅಂತ ಗೊತ್ತಿರಬೇಕು ಅಷ್ಟೆ."

ಚೌಕಟ್ಟು ಸಲೀಸಾಗಿ ಬಂತು. ಅಲ್ಮಿನಿ, ಒಳ್ಳೆ ರೇಟು.
ಬೆನ್ನಿನ ಕರಿ ಡಬ್ಬಿಯಿಂದ ಎರಡು ಮೊಳ ತಾಮ್ರ.
ಆಮೇಲೆ ಗಾಜಿಗೆ ಉಳಿ ಕೊಟ್ಟರು.
ಸ್ಕ್ರೂ ಇಲ್ಲ, ಬೆಸುಗೆ ಇಲ್ಲ, ಉಗುರು ತೂರಿಸಲು ಸಂದಿಲ್ಲ.
ಗಾಜು, ಅಂಟು, ಹಪ್ಪಳದಷ್ಟು ತೆಳು ಒಂದು ಕಲ್ಲು, ಮತ್ತೆ ಅಂಟು.
ಬಿಸಿಲಿನಲ್ಲಿ ಇಪ್ಪತ್ತೈದು ವರ್ಷ ನಿಲ್ಲಲೆಂದು
ಯಾರೋ ಬಿಚ್ಚುವ ಮಾತನ್ನೇ ಮರೆತು ಕಟ್ಟಿದ್ದರು.

ಆಗಲೇ ಚಾಚಾ ಕೈ ಕೊಡವಿ ಹಿಂದಕ್ಕೆ ಹಾರಿದ್ದು.
"ಸತ್ತೈತೆ ಅಂದಿದ್ರಲ್ಲೋ!"

ಸತ್ತಿರಲಿಲ್ಲ. ನಡು ಮಧ್ಯಾಹ್ನದ ಬಿಸಿಲು ಬಿದ್ದರೆ ಸಾಕು,
ಒಡೆದ ಮೈಯೊಳಗೆ ಅದು ತನ್ನ ಕೆಲಸಕ್ಕೆ ಹತ್ತುತ್ತಿತ್ತು,
ಯಾವ ಮನೆಗೂ ಅಲ್ಲ, ಯಾವ ಪಂಪಿಗೂ ಅಲ್ಲ.
ಅಂದಿನಿಂದ ಅಂಗಡಿಯಲ್ಲೊಂದು ಕಾನೂನು:
ಮೊದಲು ಗೋಣಿ ಹೊದಿಸು, ಆಮೇಲೆ ಕೈ ಹಚ್ಚು.

ಮೌನೇಶಾಚಾರ್ರು ಕಣ್ಣಿಗೆ ಭೂತಗನ್ನಡಿ ಒತ್ತಿ ನೋಡಿದರು.
"ಈ ಬಿಳಿ ಗೆರೆ ಐತಲ್ಲ, ಬೆಳ್ಳಿ.
ಒಂದು ಹಲಗೆಗೆ ಒಂದು ಜೊತೆ ಕಾಲುಂಗುರ ಆದೀತು.
ತೆಗೆಯೋಕೆ ಆಸಿಡ್ ಬೇಕು.
ಆಸಿಡ್ ಚೆಲ್ಲೋಕೆ ಯಾರದಾದ್ರೂ ಗಟಾರ ಬೇಕು."
ಹಳದಿಗಟ್ಟಿದ ತಮ್ಮ ಹತ್ತೂ ಉಗುರು ತೋರಿಸಿ
ಚಹಾ ಕುಡಿದು ಎದ್ದು ಹೋದರು.

ಅಂಟು ಕರಗೀತೆಂದು ಜಬೀವುಲ್ಲಾ ಒಂದನ್ನು
ತನ್ನ ಭಟ್ಟಿಯೊಲೆಗೆ ರಾತ್ರಿ ದೂಡಿದ.
ಬೆಳಿಗ್ಗೆ ಮಂಡಕ್ಕಿ ಎಂದಿನಂತೆ ಬೆಳ್ಳಗೇ ಅರಳಿತು.
ಬಾಯಿಗಿಟ್ಟುಕೊಂಡ ಹುಡುಗ ಉಗುಳಿದ.
ಮೂರು ಚೀಲ. ಬೀದಿಯ ಹಸುಗಳೂ ಮೂಸಿ ಬಿಟ್ಟವು.

ದೂರದಲ್ಲೆಲ್ಲೋ ಒಂದು ಯಂತ್ರ ಇದೆಯಂತೆ,
ಕಾದ ಚಾಕು ಹಾಕಿ, ಹಾಲಿನ ಕೆನೆ ಎತ್ತಿದಂತೆ
ಗಾಜನ್ನು ಇಡಿಯಾಗಿ ಎತ್ತುತ್ತದಂತೆ.
ನಂಬರು ಹುಡುಕಿ ಫೋನು ಮಾಡಿದೆ.
ಸಾವಿರ ಹಲಗೆ ಇದ್ದರೆ ಲಾರಿ ಕಳಿಸುತ್ತೇವೆ ಅಂದರು.
ನಮ್ಮಲ್ಲಿರುವುದು ನಾನೂರ ಹನ್ನೆರಡು ಅಂದೆ.
ಆಚೆ ಕಡೆಯ ದನಿ ನಗಲಿಲ್ಲ, ಗದರಲೂ ಇಲ್ಲ.
"ಕಾಯಿರಿ ಮೇಡಂ," ಅಂತು, "ಇನ್ನೂ ಬರ್ತಾವೆ."

ಹಿತ್ತಲ ಗೋಡೆಗೆ ಒರಗಿಸಿ ಇಟ್ಟಿದ್ದೇವೆ.
ಮಳೆ ಹುಯ್ದಾಗ ನಾನು ಪೆನ್ನು ಕೆಳಗಿಟ್ಟು
ಅವುಗಳ ಮೈ ತೊಳೆದ ನೀರು ಎತ್ತ ಹೋಗುತ್ತದೆಂದು ನೋಡುತ್ತೇನೆ.
ನಲ್ಲಿಯ ಕಡೆಗೇ ಹೋಗುತ್ತದೆ.
ಮಣ್ಣಿನ ಒಡ್ಡು ಹಾಕಿಸಿದೆ. ಮಾರನೇ ಮಳೆಗೆ ಕೊಚ್ಚಿತು.
ಮತ್ತೆ ಹಾಕಿಸಿದೆ.
ಚೀಟಿಯಲ್ಲಿ ಅಂಚಿಗೊಂದು ಗೆರೆ ಎಳೆದು ಏಳನೇ ಕಾಲಂ ಮಾಡಿದ್ದೇನೆ,
ಹೆಸರು ತೋಚಿಲ್ಲ; ಕೆಳಗೆ ಬರೀ ಲೆಕ್ಕ: ೪೧೨.

ಒಂದಕ್ಕೆ ಮಾತ್ರ ಗೋಣಿಯಿಲ್ಲ.
ಅದಕ್ಕೆ ಎರಡು ವಯರು,
ವಯರಿನ ತುದಿಗೆ ಯಾವುದೋ ಕಾರಿನಿಂದ ಕಿತ್ತ ಫ್ಯಾನು.
ಮಧ್ಯಾಹ್ನ ಬುತ್ತಿ ಉಂಡು ಚಾಚಾ
ಕಬ್ಬಿಣದ ರಾಶಿಯ ನೆರಳಿಗೆ, ಆ ಗಾಳಿಗೆ ಮಲಗುತ್ತಾರೆ.
ಮೋಡ ಬಂದರೆ ಫ್ಯಾನು ನಿಲ್ಲುತ್ತದೆ,
ಅವರಿಗೆ ಎಚ್ಚರವಾಗುತ್ತದೆ.