ನಾಲ್ಕನೇ ಕೌಂಟರು

ಗಲ್ಲ ಸ್ವಲ್ಪ ಕೆಳಗೆ. ಕಣ್ಣು ಇಲ್ಲಿ, ಈ ಕೆಂಪು ಚುಕ್ಕೆಗೆ.
ನಗಬಹುದು, ಹಲ್ಲು ಬೇಡ.
ದಿನಕ್ಕೆ ನೂರು ಸಲ ಹೇಳುತ್ತೇನೆ ಇದನ್ನು
ಓಹಾಯೋದ ಲೊರೇನ್ ಊರಿನ ಲೈಸೆನ್ಸ್ ಕಚೇರಿಯಲ್ಲಿ.
ಬೆನ್ನಿಗೆ ನೀಲಿ ಪರದೆ, ಪಕ್ಕಕ್ಕೆ ಗೊಣಗುವ ಪ್ರಿಂಟರು,
ಕಿಟಕಿಯಾಚೆ ಹೆಪ್ಪುಗಟ್ಟಿದ ಈರಿ ಸರೋವರ,
ಯಾರೂ ಒರೆಸದ ಕನ್ನಡಿಯ ಹಾಗೆ.

ಕೆಲವರು ಗುರುತು ಹಿಡಿಯುತ್ತಾರೆ.
ಮೊದಲು ಹುಬ್ಬು ಏಳುತ್ತದೆ, ಆಮೇಲೆ ಬೆರಳು:
"ನೀನು ಅವಳಲ್ಲವಾ, ಟೀವಿಯಲ್ಲಿ, ಆ..."
ಹೌದು. ನೆರೈದಾ ಕಿಂತಾನಾ.
ಹದಿಮೂರು ಹುಡುಗಿಯರಲ್ಲಿ ಆರನೆಯವಳಾಗಿ ಹೊರಬಿದ್ದವಳು.
"ಈ ಮನೆಯಲ್ಲಿ ನನ್ನಷ್ಟು ಚೆಂದ ಯಾರೂ ಇಲ್ಲ"
ಅಂದವಳು.

ಆ ಮಾತಿನ ಕತೆ ಹೇಳುತ್ತೇನೆ ಕೇಳಿ.
"ಈ ಮನೆಯಲ್ಲಿ" ಎಂಬುದು ಸೋಮವಾರದ್ದು,
ಬಿಸಿನೀರು ಬರುತ್ತಿಲ್ಲ ಎಂದು ಗೊಣಗಿದ್ದು.
"ನನ್ನಷ್ಟು" ಬುಧವಾರದ್ದು,
ನನ್ನಷ್ಟು ಅಮ್ಮನ ನೆನಪು ಯಾರಿಗಿದೆ ಎಂದು ಅತ್ತಾಗ.
"ಚೆಂದ ಯಾರೂ ಇಲ್ಲ" ಅಂದದ್ದು ಒಡೆಟ್‌ಗೆ.
ನನ್ನ ಪಕ್ಕದ ಮಂಚದವಳು, ಅಂದು ಅವಳ ಕೂದಲು ಬೋಳಿಸಿದ್ದರು,
ಕನ್ನಡಿಗೆ ಬೆನ್ನು ಹಾಕಿ ಕೂತಿದ್ದಳು.
ಮೂರು ದಿನದ ಮೂರು ತುಂಡು ಸೇರಿಸಿ
ಹೊಲಿಗೆ ಕಾಣದ ಹಾಗೆ ಒಂದು ಅಂಗಿ ಹೊಲಿದರು,
ನನಗೆ ತೊಡಿಸಿದರು.
ಹನ್ನೊಂದು ವರ್ಷವಾಯಿತು,
ಬಿಚ್ಚೋಣವೆಂದರೆ ಗುಂಡಿಯೇ ಸಿಗುವುದಿಲ್ಲ.

ಅಜ್ಜಿ ಪೋರ್ಟೊ ರಿಕೊದಿಂದ ತಂದ ಕಪ್ಪು ಕಲ್ಲು,
ಅಸಬಾಚೆ ಅನ್ನುತ್ತೇವೆ ನಾವು,
ಕೂಸಿದ್ದಾಗಿನಿಂದ ನನ್ನ ಎಡಗೈಯಲ್ಲಿತ್ತು
ಯಾರ ಕಣ್ಣೂ ತಾಗದಿರಲೆಂದು.
ಉಡುಪಿನ ಹೆಂಗಸು ಕತ್ತರಿ ತಂದಳು.
"ಇದು ಫ್ರೇಮಿನಲ್ಲಿ ಬರುತ್ತದೆ, ಚಿನ್ನ."
ಕಚಕ್.
ಪ್ರಸಾರದ ರಾತ್ರಿ ನಲವತ್ತು ಲಕ್ಷ ಜೋಡಿ ಕಣ್ಣು.
ಅಷ್ಟಕ್ಕೆ ನಿವಾಳಿಸುವ ಉಪ್ಪು
ಎಷ್ಟು ಲಾರಿಯಲ್ಲಿ ಬರಬೇಕು?

ಆಮೇಲೆ ನ್ಯೂಯಾರ್ಕು. ಒಂದು ಕೋಣೆ, ಆರು ಹಾಸಿಗೆ, ಒಂದು ಇಸ್ತ್ರಿ ಪೆಟ್ಟಿಗೆ.
"ನಿನ್ನ ಮುಖ ಬಳಕೆಯಾಗಿಬಿಟ್ಟಿದೆ" ಅಂದರು ಏಜೆನ್ಸಿಯವರು,
ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ.
ಒಮ್ಮೆ ಚಳಿಗಾಲದ ಕೋಟಿನ ಕ್ಯಾಟಲಾಗು, ಜುಲೈ ತಿಂಗಳ ಬಿಸಿಲಲ್ಲಿ.
ಒಮ್ಮೆ ಹಾಸಿಗೆ ಅಂಗಡಿಯ ರಿಬ್ಬನ್ನು.
ಕೊನೆಗೆ ರಾತ್ರಿ ಬಸ್ಸು.

ಇಲ್ಲಿನ ಮ್ಯಾನೇಜರು ಲುಡ್ಮಿಲಾ ಕೇಳಿದ್ದು ಒಂದೇ:
"ಎಂಟು ಗಂಟೆ ನಿಲ್ಲಬಲ್ಲೆಯಾ?"
ಚಪ್ಪಟೆ ಚಪ್ಪಲಿಯಲ್ಲಾ? ಎಂದೆ.
ಬದುಕಿಡೀ ನಿಲ್ಲಬಲ್ಲೆ.

ತಲೆಗೊಂದೇ ಫೋಟೋ, ಅದು ನಿಯಮ.
ನಾನು ಪಾಲಿಸುವುದಿಲ್ಲ.
ಮುಚ್ಚಿದ ಉಕ್ಕಿನ ಕಾರ್ಖಾನೆಯ ಹ್ರುಷ್ಕಾ ಬಂದಿದ್ದರು ಮೊನ್ನೆ,
ಕುಲುಮೆ ನೋಡಿ ನೋಡಿ ಬೆಳಕಿಗೆ ಹೆದರುವ ಕಣ್ಣು,
ಮೂರು ಸಲವೂ ಮಿಟುಕಿಸಿದರು.
ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.
"ಮುಚ್ಚಿಬಿಡಿ. ನಾನು ಮೂರು ಅಂದಾಗ ತೆರೆಯಿರಿ."
ಆ ಮನೆಯಿಂದ ನಾನು ತಂದುಕೊಂಡ ವಿದ್ಯೆ ಇದೊಂದೇ.
ಒಂದು, ಎರಡು,
ತೆರೆದರು:
ಮಧ್ಯಾಹ್ನದ ನಿದ್ದೆಯಿಂದ ಎದ್ದು
ಅಡುಗೆಮನೆಯ ಸದ್ದು ಕೇಳಿಸಿಕೊಂಡವರ ಮುಖ.
ಪರದೆಯ ಮೇಲೆ ತಮ್ಮನ್ನೇ ನೋಡಿ
"ಯಾರಿವನು? ಪರವಾಗಿಲ್ಲವಲ್ಲ" ಅಂದರು,
ಟೋಪಿ ಮರೆತು ಹೋದರು.

ಮಾರ್ಚಿಯಲ್ಲಿ ನನ್ನ ಲೈಸೆನ್ಸಿನ ಅವಧಿ ಮುಗಿಯಿತು.
ಲುಡ್ಮಿಲಾ ಕೂತಳು ನನ್ನ ಜಾಗದಲ್ಲಿ.
ನೀಲಿ ಪರದೆಗೆ ಬೆನ್ನು ತಾಗಿದ್ದೇ ತಡ
ಕತ್ತು ತಾನಾಗಿ ಉದ್ದವಾಯಿತು, ದವಡೆ ಎಡಕ್ಕೆ,
ಕೆನ್ನೆ ಒಳಗೆ, ಹೊಟ್ಟೆ ಒಳಗೆ, ಉಸಿರು ಒಳಗೆ.
"ನೆಟ್ಟಗೆ ನೋಡೇ ಮಾರಾಯ್ತಿ!"
ನಗು ಬಂತು, ನಗುವಿನ ಬೆನ್ನಿಗೆ ಸೀನು,
ಕ್ಲಿಕ್.

ಒಂದು ಕಣ್ಣು ಅರ್ಧ. ಮೂಗು ಎಲ್ಲೋ ಹೊರಟಿದೆ.
ಹಲ್ಲು, ಬೇಡವೆಂದರೂ, ಎಲ್ಲ.
ಇನ್ನು ನಾಲ್ಕು ವರ್ಷ ಪೊಲೀಸರಿಗೂ ಬ್ಯಾಂಕಿಗೂ
ನಾನೆಂದರೆ ಇದೇ.

"ಇನ್ನೊಂದು ತೆಗೆಯಲಾ?" ಅಂದಳು.

ನಾನು ಆಗಲೇ ಕೌಂಟರಿನ ಈಚೆಗೆ ಬಂದು
ಕುರ್ಚಿ ಎಳೆದುಕೊಳ್ಳುತ್ತಿದ್ದೆ.
ಮುಂದಿನವರು, ಎಂದೆ.