ಆರನೇ ಕಲಂ

ಶಹಾಪುರದ ಹಳೇ ಬಸ್‌ಸ್ಟ್ಯಾಂಡ್ ಹಿಂದ
ಇಸಾಕನ ಝೆರಾಕ್ಸ್ ಅಂಗಡ್ಯಾಗ, ಕಂಪ್ಯೂಟರ್ ಮುಂದ
ಕುಂತೀನಿ ಶನಿವಾರ, ಸಾಲಿ ಬಿಟ್ಟ ಮ್ಯಾಲ.
ಪುಣೆದಾಗ ಗಣಿತ ಕಲಿಸೋರ ಸಮ್ಮೇಳನ, ಮೂರು ದಿನ.
ಫೀ ಆರು ಸಾವಿರ. ಉಳಿಯೋದು ಉಣ್ಣೋದು ಬ್ಯಾರೆ.
ಹತ್ತು ಮಂದಿಗಿ ಧನಸಹಾಯ ಕೊಡ್ತಾರಂತ,
ಬೇಡಿದವರಿಗಲ್ಲ,
ಅರ್ಹರಿಗಿ.

ಹೆಸರು: ಸಾಬಮ್ಮ. ಅದು ಸರಳ.
ಸೇವೆ: ಹದಿನಾಲ್ಕು ವರ್ಷ,
ಅದರಾಗ ಆರು, ಅತಿಥಿ ಶಿಕ್ಷಕಿ ಅಂತ.
ಆರು ವರ್ಷ ಇದ್ದರೂ ಅತಿಥಿ!
ನಮ್ಮ ಮನಿಗಿ ಬಂದಿದ್ದರ
ಎಂಟು ದಿನಕ್ಕ ಪಾತ್ರಿ ತಿಕ್ಕಾಕ ಹಚ್ಚತಿದ್ವಿ.

ನಾಲ್ಕನೇದು: ಈ ಹಿಂದೆ ಭಾಗವಹಿಸಿದ ಸಮ್ಮೇಳನಗಳು.
'ಖಾಲಿ ಬಿಡಬ್ಯಾಡ್ರಿ ಮೇಡಂ, ಡಬ್ಬಿ ಕೆಂಪಗಾಗ್ತದ' ಅಂದ ಇಸಾಕ.
ಯಾದಗಿರಿದಾಗ ಚುನಾವಣಿ ತರಬೇತಿಗಿ ಹೋಗಿದ್ದು ಬರೀಲೇನು?
ಎಣಿಸೋದಾದ್ರ ನಾ ಏನೇನು ಎಣಿಸಿಲ್ಲ:
ಮತ, ಮನಿ, ಕಕ್ಕಸಿಲ್ಲದ ಮನಿ,
ತತ್ತಿ ತಿನ್ನೋ ಹುಡುಗರು, ಬಾಳೆಹಣ್ಣು ತಿನ್ನೋ ಹುಡುಗರು.
'ಇಲ್ಲ' ಅಂತ ಬರಿ ಅಂದೆ.
ಕೆಂಪು ಹೋಯ್ತು.

ಶಿಫಾರಸು ಪತ್ರ ಹೆಡ್‌ಮಾಸ್ತರು ರುಕ್ಮೋದ್ದೀನ ಸರ್‌ದು:
'ಸದರಿ ಶಿಕ್ಷಕಿಯು ಒಂಬತ್ತು ಹತ್ತರ ಬಸ್ಸಿಗೆ ತಪ್ಪದೆ ಬರುತ್ತಾರೆ.
ಬಸ್ಸು ಬಾರದ ದಿನವೂ ಬಂದಿದ್ದಾರೆ.'
ಅಷ್ಟೇ. ಕೆಳಗ ಹಸಿರು ಶಾಯಿ, ದುಂಡನ ಮೊಹರು.
ಸ್ಕ್ಯಾನ್ ಆಗೋತನಕ
ನಾ ಬ್ಯಾರೆ ಕಡಿ ನೋಡಿದೆ.

ಆರನೇ ಕಲಂ: 'ಈ ನೆರವು ನಿಮಗೇ ಏಕೆ? ಮುನ್ನೂರು ಪದಗಳಲ್ಲಿ.'
ಬಡತನ ಬರೀಬೇಕೋ, ಬೆರಕಿತನ ಬರೀಬೇಕೋ?
ಕೈ ಒಡ್ಡಿದಂಗೂ ಇರಬಾರದು,
ಕೈ ಕಟ್ಟಿ ನಿಂತಂಗೂ ಇರಬಾರದು.
ಬರ್ದೆ. ಅಳಿಸಿದೆ. ಚಾ ತರಿಸಿದ ಇಸಾಕ. ಬರ್ದೆ. ಅಳಿಸಿದೆ.
ಊರಾಗ ಎಲ್ಲಿ ನಿಂತರೂ ಮಲಗಿದ ಬುದ್ಧನ ಗುಡ್ಡ ಕಾಣ್ತದ ಅಂತಾರ;
ಈ ಕಿಟಕ್ಯಾಗ ಬರೇ ಎದುರಿನ ಅಂಗಡಿ ಬೆನ್ನು.

ಕಡಿಗಿ ಮಾಳಪ್ಪನ ಬಗ್ಗೆ ಬರ್ದೆ.
ಐದನೇ ಇಯತ್ತಿನ ಹುಡುಗ, ಕುರಿ ನಡುವ ಬೆಳದವ,
ಕೂಡೋದು ಕಳಿಯೋದು ಅಂದ್ರ ನೆಲ ನೋಡ್ತಾನ.
ಒಂದಿನ ಕೇಳಿದ್ದೆ, ನಿಮ್ಮವು ಕುರಿ ಎಷ್ಟೋ?
'ಗೊತ್ತಿಲ್ರಿ.'
ಮತ್ತ ಸಂಜಿಗಿ ಹಟ್ಟಿಗಿ ಹೊಡಿವಾಗ ಹ್ಯಾಂಗ ಎಣಿಸ್ತಿ?
'ಎಣಸಲ್ರಿ ಟೀಚರ್.
ಯಾವುದಿಲ್ಲ ಅಂತ ನೋಡ್ತೀನ್ರಿ.'

ಎಣಿಸದೇ ಕಳಿಯೋ ಈ ಲೆಕ್ಕಕ್ಕ ಹೆಸರೇನು?
ಇದು ಒಂದನೇ ಪಾಠಕ್ಕಿಂತ ಮೊದಲಿಂದಾ,
ಕಡೀ ಪಾಠ ಮುಗಿದ ಮ್ಯಾಲಿಂದಾ?
ಪುಣೆಗಿ ಬಲ್ಲವರು ಬರ್ತಾರಂತ.
ಚಾ ಹೊತ್ತಿನಾಗ ಒಬ್ಬರನ್ನ ತಡದು ಕೇಳೋದದ.
ಅಷ್ಟಕ್ಕ.

ನೂರಾ ಹನ್ನೆರಡು ಪದ ಆದ್ವು.
ಸಾಲಂಗಿಲ್ಲ ಅಂದ ಇಸಾಕ. ಸಾಕು ಅಂದೆ.
ನಲವತ್ತು ರೂಪಾಯಿ ಕೊಟ್ಟು, ಗುಂಡಿ ನಾನೇ ಒತ್ತಿದೆ.

ಇಪ್ಪತ್ತು ದಿನಕ್ಕ ಫೋನಿಗಿ ಪಟ್ಟಿ ಬಂತು.
ಹತ್ತು ಹೆಸರು. ಒಂದೂ ಓದಲಿಲ್ಲ.
ಯಾವುದಿಲ್ಲ ಅಂತ ನೋಡಿದೆ.

ಹಾಜರಿ ಹೊತ್ತು. ಪುಸ್ತಕ ಕಂಕುಳದಾಗ ಇಟ್ಟು
ಬಾಗಿಲದಾಗ ನಿಂತು ಒಮ್ಮಿ ಕಣ್ಣಾಡಿಸಿದೆ, ಸುಮ್ಮನ.
ಎರಡನೇ ಸಾಲು, ಗ್ವಾಡಿ ಕಡಿ ತುದಿ.
'ಮಾಳಪ್ಪರು ನಿನ್ನಿ ರಾತ್ರಿನೇ ಹೋದ್ರು ಟೀಚರ್,
ಕುರಿ ಹೊಡಕೊಂಡು, ಕೃಷ್ಣಾ ದಂಡಿಗಿ.'
ಲೆಕ್ಕ ಬರೋಬ್ಬರಿ ಬಂತು.
ಇಷ್ಟು ಭಾರ ಇರ್ತದಂತ ಹುಡುಗ ಹೇಳಿರಲಿಲ್ಲ.

ಮೊನ್ನೆ ಝೆರಾಕ್ಸಿಗಿ ಹೋದಾಗ ಇಸಾಕ ಅಂದ:
'ಫೈಲ್ ಇಟ್ಟೀನ್ರಿ ಮೇಡಂ, ಸಾಬಮ್ಮ ಫೈನಲ್ ಮೂರು ಅಂತ.
ಮುಂದಿನ ವರ್ಷ ತಾರೀಖ ಬದಲಿಸಿದ್ರ ಆಯ್ತು.'
ತಾರೀಖ ಅಷ್ಟೇ ಅಲ್ಲ ಅಂದೆ,
ಆರನೇ ಕಲಮಿಗಿ
ಇನ್ನೊಂದು ಸಾಲು ಸೇರಸೋದದ.